ನಿಶ್ಚಿತಾರ್ಥದ ಉಂಗುರಕ್ಕೆ ಯಾವ ಲೋಹ?

ಮಗಳ ನಿಶ್ಚಿತಾರ್ಥಕ್ಕೆ ಉಂಗುರ ಮಾಡಿಸಲು ಡೊಂಬಿವಲಿಯಿಂದ ಮುಂಬಯಿಯ ಚಿನ್ನದ ಪೇಟೆ ಜವೇರಿ ಬಜಾರ್‌ಗೆ ಬಂದಿದ್ದ ನಮ್ಮೂರಿನ ಕಡೆಯ ಗೃಹಸ್ಥರೊಬ್ಬರು, ಮಾತಿನ ನಡುವೆ ತಮ್ಮದೇ ಮದುವೆಯ ಉಂಗುರವನ್ನು ಬೆರಳಿನಿಂದ ಬಿಡಿಸಿ ನನ್ನ ಕೆಲಸದ ಮೇಜಿನ ಮೇಲಿಟ್ಟರು. 22 ಕ್ಯಾರಟ್ಟಿನ ಸಾದಾ ಉಂಗುರ. ಮೇಲ್ಭಾಗ ಇನ್ನೂ 1.8 ಮಿ.ಮೀ. ದಪ್ಪವಿತ್ತು, ಅಂಗೈ ಕಡೆಯ ಭಾಗ ಮಾತ್ರ ತಂತಿಯಂತೆ ಸವೆದು 0.7 ಮಿ.ಮೀ.ಗೆ ಇಳಿದು, ಒಂದೆಡೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಇಪ್ಪತ್ತಾರು ವರ್ಷ ದಿನಕ್ಕೆರಡು ಸಲ ಲೋಕಲ್ ರೈಲಿನ ಉಕ್ಕಿನ ಕಂಬ ಹಿಡಿದು ನಿಂತ ಕೈ ಅದು. ಚಿನ್ನದಲ್ಲಿ ಕಲಬೆರಕೆ ಇತ್ತೇ ಎಂಬುದು ಅವರ ಸಂಶಯ. ಒರೆಗಲ್ಲಿಗೆ ಉಜ್ಜಿ ನೋಡಿದರೆ ಚಿನ್ನ ಸರಿಯಾಗಿಯೇ ಇತ್ತು. ಚಿನ್ನ ಶುದ್ಧವಾದಷ್ಟೂ ಮೆತ್ತಗೆ; ನಿಜ ಹೇಳಬೇಕೆಂದರೆ ಅದು ಅಷ್ಟು ಶುದ್ಧವಾಗಿದ್ದುದೇ ಸವೆತಕ್ಕೆ ಕಾರಣವಾಗಿತ್ತು.

ಸರ, ಬಳೆಗಳು ಸಮಾರಂಭಕ್ಕೆ ಬೀರುವಿನಿಂದ ಹೊರಬಂದು ಮತ್ತೆ ಒಳಗೆ ಹೋಗುತ್ತವೆ. ಮದುವೆಯ ಉಂಗುರ ಹಾಗಲ್ಲ. ಅದು ಪಾತ್ರೆ ತೊಳೆಯುವಾಗ, ಬೈಕು ಓಡಿಸುವಾಗ, ಭಾರದ ಚೀಲ ಎತ್ತುವಾಗಲೂ ಬೆರಳಲ್ಲೇ ಇರುತ್ತದೆ. ಆದ್ದರಿಂದ ಅದರ ಲೋಹವನ್ನು ಬೆಲೆಗಿಂತ ಮೊದಲು ತೊಡುವವರ ಕೈ ನೋಡಿ ಆರಿಸಬೇಕೆಂಬುದು ನನ್ನ ಅನುಭವ.

ನಮ್ಮ ಮನೆಗಳಲ್ಲಿ ಚಿನ್ನವೆಂದರೆ 916, ಉಳಿದದ್ದೆಲ್ಲ ಫ್ಯಾಷನ್ ಎಂಬ ಮಾತು ಬಲವಾಗಿದೆ. 22 ಕ್ಯಾರಟ್‌ನಲ್ಲಿ ಸಾವಿರ ಭಾಗಕ್ಕೆ 916 ಭಾಗ ಚಿನ್ನವಿದ್ದರೆ 18 ಕ್ಯಾರಟ್‌ನಲ್ಲಿ 750 ಭಾಗವಿರುತ್ತದೆ. ಉಳಿದ ಕಾಲು ಭಾಗ ಬೆಳ್ಳಿ ಮತ್ತು ತಾಮ್ರ ಸೇರುವುದರಿಂದ ಅದು ಗಟ್ಟಿಯಾಗುತ್ತದೆ, ತಾಮ್ರ ಹೆಚ್ಚಾದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮಾರುವಾಗ ನಷ್ಟವಲ್ಲವೇ ಎಂದು ತಾಯಂದಿರು ಕೇಳುವುದು ಸಹಜ. ನಾಲ್ಕು ಗ್ರಾಂ ಉಂಗುರದಲ್ಲಿ 22 ಕ್ಯಾರಟ್ ಆದರೆ ಸುಮಾರು 3.66 ಗ್ರಾಂ, 18 ಕ್ಯಾರಟ್ ಆದರೆ 3 ಗ್ರಾಂ ಚಿನ್ನ ಇರುತ್ತದೆ. ಕೊಳ್ಳುವಾಗ ಚಿನ್ನದ ಲೆಕ್ಕದಲ್ಲಿ ಅಷ್ಟಕ್ಕೇ ಹಣ ಕೊಟ್ಟಿರುವುದರಿಂದ ಮಾರುವಾಗ ಅಷ್ಟಕ್ಕೇ ಸಿಕ್ಕರೆ ಅದು ನಷ್ಟವೆನಿಸುವುದಿಲ್ಲ. ಉಳಿತಾಯವೇ ಉದ್ದೇಶವಾದರೆ ನಾಣ್ಯವನ್ನೋ ಬಳೆಯನ್ನೋ ಕೊಳ್ಳುವುದು ಮೇಲು.

ವಜ್ರ ಕೂರಿಸುವುದಿದ್ದರೆ 22 ಕ್ಯಾರಟ್ ಬೇಡವೆಂದೇ ನಾನು ಹೇಳುತ್ತೇನೆ. ಹರಳನ್ನು ಹಿಡಿದುಕೊಳ್ಳುವ ಸಣ್ಣ ಪ್ರಾಂಗ್‌ಗಳು ಆ ಮೆತ್ತನೆಯ ಚಿನ್ನದಲ್ಲಿ ಸ್ವೆಟರಿಗೋ ಚೀಲದ ಪಟ್ಟಿಗೋ ಸಿಕ್ಕಿಕೊಂಡರೂ ಬಾಗುತ್ತವೆ, ಹರಳು ಯಾವಾಗ ಬಿತ್ತೆಂಬುದು ಮನೆಗೆ ಹೋದ ಮೇಲೆ ಗೊತ್ತಾಗುತ್ತದೆ. ಅಜ್ಜನ ಕಾಲದ ನವರತ್ನದ ಉಂಗುರ ಅದೇ ಚಿನ್ನದ್ದಾದರೂ ಉಳಿದಿದೆಯಲ್ಲ ಎನ್ನುವವರಿದ್ದಾರೆ. ಅದರಲ್ಲಿ ಹರಳಿನ ಸುತ್ತ ಚಿನ್ನದ ಗೋಡೆಯನ್ನೇ ಕಟ್ಟಿ ಅಂಚನ್ನು ಒಳಕ್ಕೆ ಮಡಿಸಿರುತ್ತಾರೆ. ಬೆಳಕು ಕಡಿಮೆ, ಹಿಡಿತ ಹೆಚ್ಚು.

ಬಿಳಿ ಚಿನ್ನದ ವಿಷಯದಲ್ಲಿ ಅಂಗಡಿಗಳು ಹೇಳದೆ ಬಿಡುವ ಮಾತೊಂದಿದೆ. ಅದರ ಥಳಥಳಿಸುವ ಬಿಳುಪು ಹೆಚ್ಚಾಗಿ ಮೇಲಿನ ರೋಡಿಯಂ ಎಂಬ ಬಿಳಿ ಲೋಹದ ಲೇಪದ್ದು. ನಿತ್ಯ ತೊಟ್ಟರೆ ಒಂದೆರಡು ವರ್ಷದಲ್ಲಿ ಅಂಗೈ ಕಡೆಯಿಂದ ಲೇಪ ಸವೆದು ನಸುಹಳದಿ ಇಣುಕುತ್ತದೆ, ಮತ್ತೆ ಲೇಪ ಹಾಕಿಸಬೇಕಾಗುತ್ತದೆ. ಚಿನ್ನವನ್ನು ಬಿಳಿಯಾಗಿಸಲು ನಿಕ್ಕಲ್ ಬೆರೆಸಿದ್ದರೆ ಕೆಲವರ ಚರ್ಮಕ್ಕೆ, ಅದರಲ್ಲೂ ಮುಂಬಯಿಯ ಬೆವರಿನಲ್ಲಿ, ತುರಿಕೆ ಏಳುತ್ತದೆ. ಅಂಥವರು ಪಲ್ಲಾಡಿಯಂ ಬೆರೆಸಿದ್ದನ್ನೇ ಕೇಳಿ ಪಡೆಯಬೇಕು.

ಪ್ಲಾಟಿನಂನ ಬಿಳುಪು ಹುಟ್ಟಿನದು, ಲೇಪದ ಹಂಗಿಲ್ಲ. 950 ಎಂಬ ಮುದ್ರೆಯಿದ್ದರೆ ಸಾವಿರಕ್ಕೆ 950 ಭಾಗ ಪ್ಲಾಟಿನಂ ಎಂದರ್ಥ. ಇದು ಬಹಳ ತೂಕದ ಲೋಹ. 18 ಕ್ಯಾರಟ್‌ನಲ್ಲಿ ನಾಲ್ಕು ಗ್ರಾಂ ತೂಗುವ ಅಚ್ಚಿನಲ್ಲೇ ಪ್ಲಾಟಿನಂ ಎರೆದರೆ ಐದು ಗ್ರಾಂ ದಾಟುತ್ತದೆ. ಗೀರು ಬಿದ್ದಾಗ ಲೋಹ ಉದುರಿಹೋಗುವುದಕ್ಕಿಂತ ಪಕ್ಕಕ್ಕೆ ಸರಿಯುವುದೇ ಹೆಚ್ಚಾದ್ದರಿಂದ ಉಂಗುರ ಮಂಕಾದರೂ ಬೇಗ ತೆಳುವಾಗುವುದಿಲ್ಲ. ಆದರೆ ಚಿನ್ನ 1064 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ ಪ್ಲಾಟಿನಂಗೆ 1768 ಡಿಗ್ರಿ ಬೇಕು, ಹಾಗಾಗಿ ಅದರ ರಿಪೇರಿ ಎಲ್ಲ ಅಕ್ಕಸಾಲಿಗರ ಕೈಯಲ್ಲೂ ಆಗುವ ಕೆಲಸವಲ್ಲ. ಮನೆಯ ಹತ್ತಿರದ ಅಂಗಡಿಯೊಂದರಲ್ಲಿ ಅಳತೆ ಹಿಗ್ಗಿಸಿದ್ದ ಪ್ಲಾಟಿನಂ ಉಂಗುರವೊಂದು ನನ್ನ ಬಳಿ ಬಂದಿತ್ತು. ಚಿನ್ನದ ಬೆಸುಗೆ ಹಾಕಿದ್ದರಿಂದ ಬಿಳಿ ಪಟ್ಟಿಯ ನಡುವೆ ಹಳದಿ ಗೆರೆಯೊಂದು ಎದ್ದು ಕಾಣುತ್ತಿತ್ತು. ಹಿಂದಕ್ಕೆ ಮಾರುವಾಗ ಪ್ಲಾಟಿನಂ ಕೊಳ್ಳುವ ಅಂಗಡಿಗಳು ಕಡಿಮೆಯೆಂಬುದೂ ನೆನಪಿರಲಿ.

ಟೈಟಾನಿಯಂ, ಟಂಗ್‌ಸ್ಟನ್ ಉಂಗುರಗಳನ್ನು ಕೇಳಿಕೊಂಡು ಬರುವ ಹುಡುಗರೂ ಇದ್ದಾರೆ. ಅಗ್ಗ ನಿಜ, ಆದರೆ ಬೆರಳು ದಪ್ಪವಾದರೆ ಟಂಗ್‌ಸ್ಟನ್ ಉಂಗುರವನ್ನು ಹಿಗ್ಗಿಸಲಾಗದು, ಒಡೆದೇ ತೆಗೆಯಬೇಕು.

ನಿಶ್ಚಿತಾರ್ಥದ ಉಂಗುರ, ಮದುವೆಯ ಉಂಗುರ ಎರಡನ್ನೂ ಒಂದೇ ಬೆರಳಿಗೆ ತೊಡುವುದಾದರೆ ಎರಡೂ ಒಂದೇ ಲೋಹ, ಒಂದೇ ಕ್ಯಾರಟ್ ಇರಲಿ. ಒಂದಕ್ಕೊಂದು ಉಜ್ಜಿದಾಗ ಮೆತ್ತನೆಯದು ಮೊದಲು ಸವೆಯುತ್ತದೆ. ಚಿನ್ನ ಯಾವ ಕ್ಯಾರಟ್ ಆದರೂ ಒಳಬದಿಯಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಶುದ್ಧತೆಯ ಅಂಕಿ ಮತ್ತು ಪ್ರತಿ ಆಭರಣಕ್ಕೂ ಬೇರೆಯಾಗಿರುವ ಆರು ಅಕ್ಷರಾಂಕಿಗಳ ಗುರುತಿನ ಸಂಖ್ಯೆ ಎಚ್‌ಯುಐಡಿ ಇವೆಯೇ ನೋಡಿ. 2023ರ ಏಪ್ರಿಲ್ 1ರಿಂದ ಈ ಸಂಖ್ಯೆಯಿಲ್ಲದೆ ಹಾಲ್‌ಮಾರ್ಕ್ ಆಭರಣ ಮಾರುವಂತಿಲ್ಲ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಅಲ್ಲೇ ಪರಿಶೀಲಿಸಬಹುದು. ಎರಡು ಗ್ರಾಂಗಿಂತ ಕಡಿಮೆ ತೂಕದ ಆಭರಣಕ್ಕೆ ಹಾಲ್‌ಮಾರ್ಕ್ ಕಡ್ಡಾಯವಲ್ಲ, ಹಾಗಾಗಿ ತೀರ ತೆಳು ಉಂಗುರ ಕೊಳ್ಳುವವರು ಬಿಲ್ಲಿನಲ್ಲಿ ಕ್ಯಾರಟ್ ಬರೆಸಿಕೊಳ್ಳಬೇಕು.

ಆ ಗೃಹಸ್ಥರ ಉಂಗುರದ ಸವೆದ ಅರ್ಧ ಸುತ್ತನ್ನು ಕತ್ತರಿಸಿ ತೆಗೆದು ಹೊಸ ಪಟ್ಟಿ ಬೆಸೆಯಬೇಕಿತ್ತು. 18 ಕ್ಯಾರಟ್ ಹಾಕಿದರೆ ಬಣ್ಣ ಬೇರೆಯಾಗಿ ಕಾಣುತ್ತದೆಂದು 22 ಕ್ಯಾರಟ್ಟನ್ನೇ 2.2 ಮಿ.ಮೀ. ದಪ್ಪಕ್ಕೆ ಹಾಕಿದೆ. ಮಗಳದ್ದಕ್ಕೆ 18 ಕ್ಯಾರಟ್ ಹಳದಿ ಚಿನ್ನ, ಆರು ಪ್ರಾಂಗ್, ಅಂಗೈ ಕಡೆ 1.8 ಮಿ.ಮೀ. ಎಂದು ಆರ್ಡರ್ ಪುಸ್ತಕದಲ್ಲಿ ಬರೆದುಕೊಂಡೆ. ಅವಳೂ ಅದೇ ಲೋಕಲ್‌ನಲ್ಲಿ ಓಡಾಡುವವಳು.