ನಾಯಿಯ ಮಲಬದ್ಧತೆ: ತಿಣುಕಿದ್ದೆಲ್ಲ ಮಲ ಕಟ್ಟಿದ್ದಲ್ಲ

ಮೊದಲು ದೊಡ್ಡ ಕರುಳಿನ ಕೆಲಸ ನೆನಪಿರಲಿ. ಸಣ್ಣ ಕರುಳಿನಿಂದ ತೆಳ್ಳಗೆ ಬಂದದ್ದರಲ್ಲಿನ ನೀರು, ಲವಣಗಳನ್ನು ಹೀರಿಕೊಂಡು ಅದನ್ನು ಮಲವಾಗಿ ಗಟ್ಟಿ ಮಾಡುವುದು ಅದರ ಕೆಲಸ. ಮಲ ಒಳಗೇ ಉಳಿದಷ್ಟು ಹೊತ್ತೂ ಈ ಹೀರುವಿಕೆ ನಿಲ್ಲುವುದಿಲ್ಲ. ಒಣಗಿದ ಮಲ ಹೊರಬರುವಾಗ ನೋಯುತ್ತದೆ, ನೋವಿಗೆ ಹೆದರಿ ನಾಯಿ ತಡೆದುಕೊಳ್ಳುತ್ತದೆ, ತಡೆದದ್ದು ಇನ್ನಷ್ಟು ಒಣಗುತ್ತದೆ. ಕೆಳಗೆ ಬರುವ ಕಾರಣಗಳೆಲ್ಲ ಈ ಸುತ್ತಿನ ಯಾವುದೋ ಒಂದು ಕಡೆ ಸೇರಿಕೊಳ್ಳುತ್ತವೆ.

ಬೆಳೆದ ನಾಯಿ ಸಾಮಾನ್ಯವಾಗಿ ದಿನಕ್ಕೆ 1–2 ಸಲ ಹೋಗುತ್ತದೆ. ಮರಿಗಳು ಉಂಡ ಮೇಲೆಲ್ಲ ಹೋಗುವುದುಂಟು, ಹೊಟ್ಟೆ ತುಂಬಿದರೆ ದೊಡ್ಡ ಕರುಳು ಚುರುಕಾಗುತ್ತದೆ. ಲೆಕ್ಕಕ್ಕಿಂತ ಆ ನಾಯಿಯ ರೂಢಿ ಮುಖ್ಯ, ರೂಢಿ ತಪ್ಪಿತೇ ಎಂದು ಕೇಳಿ.

ಚಿಕಿತ್ಸಾಲಯದಲ್ಲಿ ನಾವು ಹೆಚ್ಚು ಎಡವುವುದು ಇಲ್ಲಿ. ನಾಯಿ ಬೆನ್ನು ಬಾಗಿಸಿ ತಿಣುಕುತ್ತಿದೆ ಎಂದ ಕೂಡಲೇ ಮಲಬದ್ಧತೆ ಎಂದು ಬರೆದುಬಿಡುತ್ತೇವೆ. ದೊಡ್ಡ ಕರುಳಿನ ಉರಿಯೂತದಲ್ಲೂ ಅದು ಹೀಗೇ ತಿಣುಕುತ್ತದೆ, ಆದರೆ ಬರುವುದು ಮೆತ್ತಗೆ, ಸ್ವಲ್ಪ ಸ್ವಲ್ಪ, ಪದೇ ಪದೇ, ಲೋಳೆಯ ಜೊತೆ, ಕೆಲವೊಮ್ಮೆ ಕೆಂಪು ರಕ್ತದ ಹನಿಯೊಂದಿಗೆ. ಇನ್ನೂ ಅಪಾಯದ್ದು ಮೂತ್ರ ಕಟ್ಟಿರುವುದು. ಮೂತ್ರ ಬಾರದೆ ತಿಣುಕುವ ಗಂಡು ನಾಯಿಗೆ ಆ ಹೊತ್ತೇ ಚಿಕಿತ್ಸೆ ಬೇಕು, ನಾಳೆಗೆ ಬಿಡುವಂತಿಲ್ಲ. ಹಾಗಾಗಿ 'ಮೂತ್ರ ಸರಿಯಾಗಿ ಹೋಗುತ್ತಿದೆಯೇ?' ಎಂಬುದೇ ನಮ್ಮ ಮೊದಲ ಪ್ರಶ್ನೆಯಾಗಲಿ. ಮತ್ತೊಂದು ಮೋಸವೂ ಇದೆ: ಗಟ್ಟಿ ಉಂಡೆಯ ಪಕ್ಕದಿಂದ ಸ್ವಲ್ಪ ನೀರು ಜಾರಿ ಹೊರಬಂದರೆ ಮನೆಯವರು ಅದನ್ನು ಭೇದಿ ಎಂದುಕೊಂಡು ಭೇದಿ ನಿಲ್ಲಿಸುವ ಔಷಧಿ ಕೊಟ್ಟುಬಿಡುತ್ತಾರೆ.

ಬಾಲ ಎತ್ತಿ ನೋಡುವುದನ್ನು ಮರೆಯಬೇಡಿ. ಉದ್ದ ಕೂದಲಿನ ಒಂದು ನಾಯಿ 3 ದಿನದಿಂದ ಹೋಗಿಲ್ಲ ಎಂದು ತಂದಿದ್ದರು. ಹೊಟ್ಟೆ ಮುಟ್ಟಿ ನೋಡುತ್ತಾ ನಿಂತಿದ್ದೆ. ಬಾಲ ಎತ್ತಿದಾಗ ಕೂದಲೂ ಒಣಗಿದ ಮಲವೂ ಗಂಟುಕಟ್ಟಿ ಗುದದ್ವಾರವನ್ನೇ ಮುಚ್ಚಿದ್ದು ಕಂಡಿತು. ಬೆಚ್ಚನೆಯ ನೀರಿನಲ್ಲಿ ನೆನೆಸಿ ಕ್ಲಿಪ್ಪರ್‌ನಿಂದ ತೆಗೆದೆವು, ಕತ್ತರಿಯಾದರೆ ಅಡಿಯ ಚರ್ಮ ಸಿಕ್ಕಿಕೊಳ್ಳುತ್ತದೆ. ಚರ್ಮ ಕೆಂಪಗೆ ಹಸಿಯಾಗಿತ್ತು. ಆ ನಾಯಿ ಎಷ್ಟು ನೊಂದಿರಬೇಕು ಎಂದು ಈಗಲೂ ಅನ್ನಿಸುತ್ತದೆ.

ಉಳಿದ ಕಾರಣಗಳಲ್ಲಿ ಮೂಳೆ ಮುಖ್ಯ: ಅಗಿದ ಮೂಳೆಯ ಚೂರುಗಳಿಂದ ಮಲ ಸುಣ್ಣದ ಹೆಂಟೆಯಂತೆ ಬೆಳ್ಳಗೆ, ಪುಡಿಪುಡಿಯಾಗಿರುತ್ತದೆ. ಬೀಜ ತೆಗೆಯದ ವಯಸ್ಸಾದ ಗಂಡಿನಲ್ಲಿ ಊದಿದ ಪ್ರಾಸ್ಟೇಟ್ (ಮೂತ್ರಕೋಶದ ಬುಡದ ಗ್ರಂಥಿ) ಗುದನಾಳವನ್ನು ಒತ್ತಿ, ಮಲ ಚಪ್ಪಟೆ ಪಟ್ಟಿಯಂತೆ ಬರಬಹುದು. ಗುದದ ಪಕ್ಕ ಉಬ್ಬಿದ್ದರೆ ಹರ್ನಿಯಾ (ಸ್ನಾಯು ಸಡಿಲಾಗಿ ಒಳಗಿನ ಅಂಗ ಹೊರಚಾಚುವುದು) ಇರಬಹುದು. ಹಿಂದೆ ಸೊಂಟದ ಮೂಳೆ ಮುರಿದು ಓರೆಯಾಗಿ ಕೂಡಿಕೊಂಡಿದ್ದರೆ ದಾರಿಯೇ ಕಿರಿದಾಗಿರುತ್ತದೆ. ಕೀಲುನೋವಿನ ಮುದಿ ನಾಯಿಗೆ ಕೂರಲೇ ಆಗದು. ಗುದಗ್ರಂಥಿಯ ಕೀವು, ಮೂತ್ರಪಿಂಡದ ಕಾಯಿಲೆಯಿಂದ ಮೈಯ ನೀರು ಕಡಿಮೆಯಾಗುವುದು, ಓಪಿಯಾಯ್ಡ್ (ಅಫೀಮು ಜಾತಿಯ) ನೋವಿನ ಔಷಧಿ, ಕಬ್ಬಿಣದ ಮಾತ್ರೆ, ಹೊಟ್ಟೆಹುಣ್ಣಿಗೆ ಕೊಡುವ ಸುಕ್ರಾಲ್ಫೇಟ್ ಕೂಡ ಪಟ್ಟಿಯಲ್ಲಿರಲಿ. ಕೈಗವಸು ಹಾಕಿ ಗುದನಾಳ ಪರೀಕ್ಷಿಸಿದರೆ ಇವುಗಳಲ್ಲಿ ಹಲವು ಎಕ್ಸ್‌ರೇಗೆ ಮೊದಲೇ ಸಿಗುತ್ತವೆ.

ಸಣ್ಣ ತೊಂದರೆಗೆ ನೀರು, ನಡಿಗೆ, ಒದ್ದೆ ಆಹಾರ ಸಾಕಾಗಬಹುದು. ಡಬ್ಬಿಯ ಆಹಾರದಲ್ಲಿ ಸುಮಾರು 75% ನೀರು, ಕಾಳಿನಂಥ ಒಣ ನಾಯಿ ಆಹಾರದಲ್ಲಿ ಸುಮಾರು 10%. ಬೇಯಿಸಿದ ಕುಂಬಳಕಾಯಿ, ಇಸಬ್‌ಗೋಲ್ ನಾರು ಒದಗಿಸುತ್ತವೆ, ಆದರೆ ನೀರಿಲ್ಲದ ನಾರು ಇನ್ನಷ್ಟು ಕಟ್ಟಿಸುತ್ತದೆ. ಮಲ ಮೆತ್ತಗಾಗಿಸುವ ಲ್ಯಾಕ್ಟುಲೋಸ್ ಔಷಧಿ ವೈದ್ಯರು ಹೇಳಿದ ಅಳತೆಯಲ್ಲಿ ಮಾತ್ರ. ಮನುಷ್ಯರ ಫಾಸ್ಫೇಟ್ ಎನಿಮಾ (ಗುದದೊಳಗೆ ಹಾಕುವ ದ್ರವ) ಕೊಡಲೇಬೇಡಿ, ರಕ್ತದಲ್ಲಿ ಫಾಸ್ಫೇಟ್ ಏರಿ ಕ್ಯಾಲ್ಸಿಯಂ ಇಳಿದು ಪ್ರಾಣಕ್ಕೇ ಬರಬಹುದು. ಬಾಯಿಗೆ ಸುರಿದ ಖನಿಜ ತೈಲ (ಲಿಕ್ವಿಡ್ ಪ್ಯಾರಾಫಿನ್) ಶ್ವಾಸಕೋಶ ಸೇರಬಹುದು.

ವಾಂತಿ, ಹೊಟ್ಟೆಯುಬ್ಬರ, ಊಟ ಬಿಡುವುದು, 2 ದಿನ ದಾಟಿಯೂ ಮಲ ಬಾರದಿರುವುದು ಕಂಡರೆ ಮನೆಮದ್ದಿನಲ್ಲಿ ಹೊತ್ತು ಕಳೆಯಬೇಡಿ. ಗುದದಿಂದ ದಾರ ನೇತಾಡುತ್ತಿದ್ದರೆ ಎಳೆಯಬೇಡಿ. ಅದರ ಇನ್ನೊಂದು ತುದಿ ಕರುಳೊಳಗೆ ಸಿಕ್ಕಿಕೊಂಡಿರಬಹುದು, ಎಳೆದರೆ ಕರುಳನ್ನೇ ಕೊಯ್ಯುತ್ತದೆ.