ಅಘನಾಶಿನಿಯ ಬೆಳಚು ಮತ್ತು ಲೆಕ್ಕಕ್ಕೆ ಬಾರದ ಮರಳು

ಅಘನಾಶಿನಿ ನದಿ ಸಮುದ್ರ ಸೇರುವ ಕುಮಟಾ ಕಡೆ ಬೆಳಚಿನ, ಅಂದರೆ ನೀರಿನ ತಳದಲ್ಲಿ ಹೂತು ಬದುಕುವ ತಿನ್ನುವ ಚಿಪ್ಪುಜೀವಿಯ, ಮಾತೆತ್ತಿದರೆ ಸಾಕು, ನಾಲ್ಕು ತಕರಾರು ಒಟ್ಟಿಗೇ ಏಳುತ್ತವೆ: ಸುಣ್ಣದ ಚಿಪ್ಪು, ಸಿಗಡಿ ಕೆರೆ, ಮರಳು ದೋಣಿ, ತದಡಿ ಬಂದರು. ಒಂದರ ಎಳೆ ಹಿಡಿದರೆ ಇನ್ನೊಂದು ಸಿಕ್ಕಾಗುತ್ತದೆ. ಆದರೆ ನಾಲ್ಕೂ ಹೋಗಿ ಮುಟ್ಟುವುದು ಅಳಿವೆಯ, ಅಂದರೆ ನದಿ ಕಡಲು ಸೇರುವ ಬಾಯಿಯ, ತಳವನ್ನು. ಅಲ್ಲಿ ಮರಳೆಷ್ಟು, ಕೆಸರೆಷ್ಟು?

ಬೆಳಚು ಸಿಕ್ಕಲ್ಲೆಲ್ಲ ಮನೆ ಮಾಡುವುದಿಲ್ಲ. ಮರಿ ಕೆಲ ದಿನ ನೀರಲ್ಲಿ ತೇಲಿ, ಆಮೇಲೆ ತಳಕ್ಕಿಳಿಯುತ್ತದೆ. ಮರಳಾದರೆ ಕಣಗಳ ಸಂದಿಯಲ್ಲಿ ನೀರಾಡುತ್ತದೆ, ಉಸಿರಾಟ ಸಲೀಸು, ಹೂತುಕೊಳ್ಳುವುದೂ ಸಲೀಸು. ನುಣ್ಣನೆಯ ರಾಡಿ ಹೆಚ್ಚಾದರೆ ಕಿವಿರು ಕಟ್ಟುತ್ತದೆ. ಸಮುದ್ರದ ಬಾಯಿಗೆ ಹತ್ತಿರ, ಉಪ್ಪು ಹೆಚ್ಚಿರುವ ಮರಳಲ್ಲಿ ಪಾಫಿಯಾ ಮಲಬಾರಿಕಾ ಎಂಬ ಬೆಳಚು. ಒಳಗೆ, ಸಿಹಿನೀರು ಬೆರೆಯುವಲ್ಲಿ ವಿಲೊರಿಟಾ ಎಂಬ ಕಪ್ಪು ಬೆಳಚು.

ಸಿಗಡಿ ಕೆರೆ ಬಂದದ್ದು ಗಜನಿಗೆ, ಅಂದರೆ ಅಳಿವೆ ದಂಡೆಯ ಉಪ್ಪುನೀರಿನ ಗದ್ದೆಗೆ. ಮೊದಲು ಮಣ್ಣಿನ ಕಟ್ಟೆ, 1970ರ ದಶಕದಲ್ಲಿ ಕಲ್ಲಿನ ಕಟ್ಟೆ, ಆಮೇಲೆ ಉಪ್ಪು ತಡೆಯುವ ಕಗ್ಗ ಭತ್ತದ ಜಾಗಕ್ಕೆ ಸಿಗಡಿ: ಗಜನಿಯ ಅರ್ಧ ಶತಮಾನ ಇಷ್ಟೇ.

ಬೆಳಚಿನ ಬೆಲೆ ಹೊರಗಿನವರಿಗೆ ಗೊತ್ತಾದದ್ದು ಹೊಸ ಶತಮಾನದ ಮೊದಲ ದಶಕದಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಹಳ್ಳಿ ಹಳ್ಳಿ ಲೆಕ್ಕ ಹಾಕಿದಾಗ ವರ್ಷಕ್ಕೆ ಸುಮಾರು 22,000 ಟನ್ ಬೆಳಚು, ಎರಡು ಸಾವಿರಕ್ಕೂ ಹೆಚ್ಚು ಜನರ ದುಡಿಮೆ ಕಂಡುಬಂತು. ಅದೇ ಹೊತ್ತಿಗೆ ತಳದಲ್ಲಿ ಹೂತ ಹಳೆಯ ಚಿಪ್ಪನ್ನೂ ಸುಣ್ಣಕ್ಕಾಗಿ ಅಗೆಯಲಾಗುತ್ತಿತ್ತು. ಸತ್ತ ಚಿಪ್ಪು ತಾನೇ, ಹೋದರೇನು ಎಂಬ ವಾದ ಕೇಳಲು ಸರಿಯೇ. ಆದರೆ ಅಗೆದರೆ ಗುಂಡಿ ಬೀಳುತ್ತದೆ, ಎದ್ದ ರಾಡಿ ಪಕ್ಕದ ಜೀವಂತ ಬೆಳಚಿನ ಮೇಲೆ ಕೂರುತ್ತದೆ, ಗುಂಡಿ ಮತ್ತೆ ತುಂಬುವುದೂ ಹೆಚ್ಚಾಗಿ ನುಣುಪು ಕೆಸರಿನಿಂದಲೇ. ಆಮೇಲೆ ಬಂದದ್ದು ಮರಳಿನ ಸರದಿ: ದೋಣಿದಾರಿಗೆ ಅಡ್ಡವೆಂದು ದಿಬ್ಬ ತೆಗೆಯುವುದು. ದೋಣಿಗೆ ಅಡ್ಡವಾದ ದಿಬ್ಬವೇ ಬೆಳಚಿನ ತೊಟ್ಟಿಲೂ ಆಗಿರಬಹುದು ಎಂಬುದು ಪರವಾನಗಿ ಕಾಗದದಲ್ಲಿ ಕಾಣುವುದಿಲ್ಲ.

ಅಘನಾಶಿನಿಗೆ ಅಣೆಕಟ್ಟಿಲ್ಲ; ಮಳೆಗಾಲದ ನೆರೆ ಘಟ್ಟದಿಂದ ಹೊಸ ಮರಳು ತಂದು ಹಾಕುತ್ತದೆ. ಪಕ್ಕದ ಶರಾವತಿಯಲ್ಲಿ ಜಲವಿದ್ಯುತ್ತಿನ ನೀರು ವರ್ಷವಿಡೀ ಹರಿದು ಅಳಿವೆಯ ಉಪ್ಪು ತಗ್ಗಿತು, ಸಿಹಿ ಸಹಿಸುವ ಕಪ್ಪು ಬೆಳಚು ಬಿಟ್ಟು ಉಳಿದವು ಬಹುಪಾಲು ಕಾಣೆಯಾದವು. ಹಾಗೆ ನೋಡಿದರೆ ಅಘನಾಶಿನಿ ಅದೃಷ್ಟವಂತೆ. ಆದರೂ ಕೊಡುವುದು ನದಿಯ ವೇಗದಲ್ಲಿ, ಒಯ್ಯುವುದು ಲಾರಿಯ ವೇಗದಲ್ಲಿ.

ಇದೇ ಪಾಫಿಯಾಗೆ ಕೇರಳದ ಅಷ್ಟಮುಡಿಯಲ್ಲಿ ಮರಿ ಕಟ್ಟುವ ತಿಂಗಳುಗಳಲ್ಲಿ ಕೊಯ್ಲಿಗೆ ರಜೆ, ಬಲೆಕಣ್ಣಿಗೆ ಮಿತಿ ಇವೆ; 2014ರಲ್ಲಿ ಅದಕ್ಕೆ ಸುಸ್ಥಿರ ಮೀನುಗಾರಿಕೆಯ ಅಂತರರಾಷ್ಟ್ರೀಯ ಪ್ರಮಾಣಪತ್ರವೂ ಸಿಕ್ಕಿತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಗಡಿ ಗುರುತಾಯಿತು. ಕೊಯ್ಲಿಗೆ ರಜೆ ಹಾಕುವುದು ಸುಲಭ. ಆದರೆ ಯಾವ ದಿಬ್ಬದಲ್ಲಿ ಮರಿ ಕೂರುತ್ತದೆಂದು ತಿಳಿಯಲು ಮಳೆಗಾಲಕ್ಕೆ ಮೊದಲು ಮತ್ತು ನಂತರ, ತದಡಿಯಿಂದ ಮಿರ್ಜಾನದವರೆಗೆ ತಳದ ಮರಳು ಜರಡಿ ಹಿಡಿಯಬೇಕು. ಇಳಿತದಲ್ಲಿ ಕಾಲಿಟ್ಟೇ ಮರಳು ಗುರುತಿಸುವ ಅಳಿವೆಯ ಐಗಳಕುರ್ವೆ ಹಳ್ಳಿಯ ಹೆಂಗಸರಿಂದ ಆ ಕೆಲಸ ಶುರುಮಾಡಬಹುದು.