ಎಂಜಿನ್‌ನಿಂದ ಟೈರ್‌ವರೆಗೆ: ಒಂದರ ಕೊರತೆಯನ್ನು ಇನ್ನೊಂದು ತುಂಬುವ ಬಗೆ

ಆಟೊಮೊಬೈಲ್ ಓದಲು ಕೂತವರಿಗೆ ಮೊದಲು ಎದುರಾಗುವುದು ಹೆಸರುಗಳ ರಾಶಿ. ಪಿಸ್ಟನ್, ಫ್ಲೈವೀಲ್, ಪ್ರೆಷರ್ ಪ್ಲೇಟ್, ಕ್ರೌನ್ ವೀಲ್, ಮಾಸ್ಟರ್ ಸಿಲಿಂಡರ್. ಬಾಯಿಪಾಠ ಮಾಡಿದರೆ ಪರೀಕ್ಷೆಯ ಮರುದಿನ ಅರ್ಧ ಮರೆತಿರುತ್ತದೆ. ನನಗೆ ಇದು ತಲೆಗೆ ಹತ್ತಿದ್ದು ಒಂದು ಪ್ರಶ್ನೆ ಹಿಡಿದು ಹೊರಟ ಮೇಲೆ: ಈ ಭಾಗಕ್ಕಿಂತ ಹಿಂದಿನ ಭಾಗಕ್ಕೆ ಏನು ಮಾಡಲು ಬರುವುದಿಲ್ಲ? ಗಾಡಿಯ ಹೆಚ್ಚಿನ ಭಾಗಗಳು ಇನ್ನೊಂದರ ಕೊರತೆ ತುಂಬಲೆಂದೇ ಬಂದು ಕೂತಿವೆ. ಆ ಸಾಲು ಹಿಡಿದು ಎಂಜಿನ್‌ನಿಂದ ಟೈರ್‌ವರೆಗೆ ಹೋಗೋಣ.

ಎಂಜಿನ್: ನಾಲ್ಕರಲ್ಲಿ ಒಂದೇ ದುಡಿಮೆ

ನಾಲ್ಕು ಸ್ಟ್ರೋಕ್‌ಗಳ ಎಂಜಿನ್ ಅನ್ನು ಜರ್ಮನಿಯ ನಿಕೊಲಸ್ ಓಟೊ 1876ರಲ್ಲಿ ಕೆಲಸ ಮಾಡುವ ಹದಕ್ಕೆ ತಂದರು. ಹತ್ತು ವರ್ಷದ ಮೇಲೆ, 1886ರಲ್ಲಿ, ಕಾರ್ಲ್ ಬೆಂಜ್ ಅದೇ ಬಗೆಯ ಎಂಜಿನ್ ಇದ್ದ ಮೂರು ಚಕ್ರದ ಗಾಡಿಗೆ ಪೇಟೆಂಟ್ ಪಡೆದರು. ಸ್ಟ್ರೋಕ್ ಎಂದರೆ ಸಿಲಿಂಡರ್ ಒಳಗೆ ಪಿಸ್ಟನ್ ಒಂದು ಸಲ ಮೇಲಕ್ಕೋ ಕೆಳಕ್ಕೋ ಹೋಗುವುದು. ಇಂದಿನ ಪೆಟ್ರೋಲ್ ಕಾರಿನಲ್ಲೂ ನಡೆಯುವುದು ಅದೇ ಕ್ರಮ: ಎಳೆದುಕೋ, ಒತ್ತು, ಉರಿಸು, ಹೊರಗೆ ಹಾಕು.

ಗಮನಿಸಿ, ಈ ನಾಲ್ಕರಲ್ಲಿ ಶಕ್ತಿ ಕೊಡುವುದು ಮೂರನೆಯದು ಮಾತ್ರ. ಉಳಿದ ಮೂರು ಸ್ಟ್ರೋಕ್‌ಗಳು ಶಕ್ತಿ ತಿನ್ನುತ್ತವೆ. ಹಾಗಾದರೆ ಆ ಮೂರು ಸ್ಟ್ರೋಕ್‌ಗಳಲ್ಲಿ ಪಿಸ್ಟನ್ ಅನ್ನು ತಳ್ಳುವವರು ಯಾರು? ಸಿಲಿಂಡರ್ ಒಂದೇ ಇದ್ದರೆ ಭಾರವಾದ ಫ್ಲೈವೀಲ್. ಒಮ್ಮೆ ತಿರುಗಿತೆಂದರೆ ಅದು ಸುಲಭಕ್ಕೆ ನಿಲ್ಲುವುದಿಲ್ಲ. ನಾಲ್ಕು ಸಿಲಿಂಡರ್ ಇದ್ದರೆ ಒಂದು ದಣಿಯುವ ಹೊತ್ತಿಗೆ ಇನ್ನೊಂದು ಉರಿಯುತ್ತದೆ. ಆಗಲೂ ಒದೆತಗಳ ನಡುವಿನ ಏರಿಳಿತ ಸರಿದೂಗಿಸಲು ಫ್ಲೈವೀಲ್ ಬೇಕು. ಸಾಮಾನ್ಯವಾಗಿ ಉರಿಯುವ ಕ್ರಮ 1-3-4-2. ಸುಮ್ನೆ 1-2-3-4 ಎಂದು ಯಾಕಿಲ್ಲ ಅಂದರೆ, 1 ಮತ್ತು 4ನೇ ಪಿಸ್ಟನ್‌ಗಳು ಒಟ್ಟಿಗೆ ಮೇಲೆ ಬರುತ್ತವೆ, 2 ಮತ್ತು 3 ಆಗ ಒಟ್ಟಿಗೆ ಕೆಳಗಿರುತ್ತವೆ. ಒಂದಾದ ಮೇಲೊಂದು ಜೋಡಿಯಿಂದ ಸರದಿ ಬರಬೇಕು.

ಈಗ ವೇಗ ನೋಡಿ. ಎಂಜಿನ್ 3000 ಆರ್‌ಪಿಎಂನಲ್ಲಿ, ಎಂದರೆ ನಿಮಿಷಕ್ಕೆ 3000 ಸುತ್ತು, ತಿರುಗುತ್ತಿದೆ ಎಂದುಕೊಳ್ಳೋಣ. ಅಂದರೆ ಸೆಕೆಂಡಿಗೆ 50 ಸುತ್ತು. ಒಂದು ಸುತ್ತಿನಲ್ಲಿ ಎರಡು ಸ್ಟ್ರೋಕ್. ಒಂದು ಸ್ಟ್ರೋಕ್‌ಗೆ ಸಿಗುವ ಸಮಯ ಸೆಕೆಂಡಿನ ನೂರನೇ ಒಂದು ಭಾಗ! ಅಷ್ಟರಲ್ಲಿ ಗಾಳಿ ಒಳಗೆ ಬರಬೇಕು, ಇಲ್ಲವೇ ಎಲ್ಲ ಇಂಧನ ಉರಿಯಬೇಕು. ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುವುದು ಪಿಸ್ಟನ್ ಮೇಲಿನ ತುದಿ ಮುಟ್ಟುವ ಮೊದಲೇ ಯಾಕೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಬೆಂಕಿ ಹರಡಲು ಸ್ವಲ್ಪ ಹೊತ್ತು ಬೇಕು. ಪಿಸ್ಟನ್ ತುದಿ ದಾಟಿ ಸ್ವಲ್ಪ ಇಳಿಯುವ ಹೊತ್ತಿಗೆ ಒತ್ತಡ ಪೂರ್ತಿ ಏರಿರಬೇಕು. ಅದಕ್ಕೇ ಮುಂಚೆಯೇ ಕಿಡಿ ಹಚ್ಚುವುದು. ಎಂಜಿನ್ ಜೋರಾದಷ್ಟೂ ಕಿಡಿ ಇನ್ನಷ್ಟು ಮುಂಚೆ ಬರುತ್ತದೆ.

ಗಾಳಿ ಒಳಬರುವ, ಹೊಗೆ ಹೊರಹೋಗುವ ಬಾಗಿಲುಗಳೇ ವಾಲ್ವ್‌ಗಳು. ಪ್ರತಿ ವಾಲ್ವ್ ತೆರೆಯುವುದು ಎರಡು ಸುತ್ತಿಗೆ ಒಂದು ಸಲ. ಹಾಗಾಗಿ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್, ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್‌ನ ಅರ್ಧ ವೇಗದಲ್ಲಿ ತಿರುಗುತ್ತದೆ. ಇದನ್ನು ನೆನಪಿಡುವ ಕಷ್ಟವೇ ಇಲ್ಲ, ಕಾರಣ ಗೊತ್ತಿದ್ದರೆ ಸಾಕು.

ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಇಲ್ಲ. ಬರೀ ಗಾಳಿಯನ್ನು ಸುಮಾರು 15ರಿಂದ 20 ಪಟ್ಟು ಒತ್ತಿದಾಗ ಅದು ತಾನಾಗಿಯೇ ಕಾದು ಕೆಂಡದಂತಾಗುತ್ತದೆ. ಅದರೊಳಗೆ ಇಂಧನ ಚಿಮ್ಮಿಸಿದರೆ ಹತ್ತಿಕೊಳ್ಳುತ್ತದೆ. ಪೆಟ್ರೋಲ್‌ನಲ್ಲಿ ಹೀಗೆ ಮಾಡುವಂತಿಲ್ಲ. ಅಲ್ಲಿ ಗಾಳಿಯ ಜೊತೆ ಇಂಧನವೂ ಬೆರೆತಿರುವುದರಿಂದ ಜಾಸ್ತಿ ಒತ್ತಿದರೆ ಹೊತ್ತಲ್ಲದ ಹೊತ್ತಲ್ಲಿ ಸಿಡಿಯುತ್ತದೆ. ಆ ಸಿಡಿತಕ್ಕೇ ನಾಕಿಂಗ್ ಎನ್ನುವುದು.

ಟಾರ್ಕ್ ಬೇರೆ, ಪವರ್ ಬೇರೆ

ಇವೆರಡನ್ನು ಗೊಂದಲ ಮಾಡಿಕೊಂಡರೆ ಮುಂದಿನದೇನೂ ಅರ್ಥವಾಗುವುದಿಲ್ಲ. ಹಾಗಾಗಿ ಇಲ್ಲಿ ನಿಧಾನಿಸಿ. ಟಾರ್ಕ್ ಎಂದರೆ ತಿರುಗಿಸುವ ಬಲ. ಒಂದು ಮೀಟರ್ ಉದ್ದದ ಸ್ಪ್ಯಾನರ್‌ನ ತುದಿಗೆ ಸುಮಾರು 10 ಕಿಲೋ ತೂಗುಹಾಕಿದರೆ ಬೋಲ್ಟ್‌ಗೆ ಬೀಳುವುದು ಹೆಚ್ಚುಕಮ್ಮಿ 100 ನ್ಯೂಟನ್ ಮೀಟರ್. ಬೋಲ್ಟ್ ಒಂದಿಷ್ಟೂ ಅಲ್ಲಾಡದಿದ್ದರೂ ಟಾರ್ಕ್ ಇದೆ, ಆದರೆ ಪವರ್ ಸೊನ್ನೆ. ಅದೇ ಬಲದಿಂದ ಎಷ್ಟು ಬೇಗ ತಿರುಗಿಸುತ್ತೀರಿ ಎಂಬುದು ಪವರ್.

ಲೆಕ್ಕಕ್ಕೆ: ಕಿಲೋವ್ಯಾಟ್ = ಟಾರ್ಕ್ × ಆರ್‌ಪಿಎಂ ÷ 9550. ನಮ್ಮ ಉದಾಹರಣೆಯ ಎಂಜಿನ್ 3000 ಆರ್‌ಪಿಎಂನಲ್ಲಿ 100 ನ್ಯೂಟನ್ ಮೀಟರ್ ಕೊಟ್ಟರೆ ಪವರ್ ಸುಮಾರು 31.4 ಕಿಲೋವ್ಯಾಟ್. ಈ ಎಂಜಿನ್ ಅನ್ನು ಕೊನೆಯವರೆಗೂ ಜೊತೆಯಲ್ಲಿ ಇಟ್ಟುಕೊಳ್ಳೋಣ.

ಕ್ಲಚ್: ಸೊನ್ನೆಯಿಂದ ಶುರುಮಾಡಲು

ಎಂಜಿನ್‌ನ ದೊಡ್ಡ ಕೊರತೆ ಇದು: ನಿಂತ ಎಂಜಿನ್‌ಗೆ ಟಾರ್ಕ್ ಇಲ್ಲ. ಸುಮಾರು 700-800 ಆರ್‌ಪಿಎಂಗಿಂತ ಕೆಳಗೆ ಅದು ಉಸಿರು ಕಟ್ಟಿ ಆಫ್ ಆಗುತ್ತದೆ. ಆದರೆ ನಿಂತ ಗಾಡಿಯ ಚಕ್ರ ಸೊನ್ನೆಯಲ್ಲಿರುತ್ತದೆ. ತಿರುಗುತ್ತಿರುವ ಒಂದನ್ನು ನಿಂತಿರುವ ಇನ್ನೊಂದಕ್ಕೆ ಹೇಗೆ ಕಟ್ಟುವುದು? ಉಜ್ಜಿಸಿ.

ಫ್ಲೈವೀಲ್ ಮತ್ತು ಪ್ರೆಷರ್ ಪ್ಲೇಟ್ ನಡುವೆ ಕ್ಲಚ್ ಪ್ಲೇಟ್ ಸಿಕ್ಕಿಕೊಂಡಿರುತ್ತದೆ. ಪೆಡಲ್ ಒತ್ತಿದರೆ ಹಿಡಿತ ಬಿಡುತ್ತದೆ, ನಿಧಾನ ಬಿಟ್ಟರೆ ಜಾರುತ್ತಾ ಜಾರುತ್ತಾ ಕಚ್ಚಿಕೊಳ್ಳುತ್ತದೆ. ಆ ಒಂದೆರಡು ಸೆಕೆಂಡಿನ ಜಾರುವಿಕೆಯಲ್ಲೇ ಗಾಡಿ ಹೊರಡುವುದು. ಸವೆದ ಪ್ಲೇಟ್ ಒಂದು ಸಿಕ್ಕರೆ ಕೈಯಲ್ಲಿ ಹಿಡಿದು ನೋಡಿ. ಉಜ್ಜುವ ಪದರ, ಅಂದರೆ ಲೈನಿಂಗ್, ರಿವೆಟ್ ತಲೆಯ ಮಟ್ಟಕ್ಕೆ ತೆಳ್ಳಗಾಗಿರುತ್ತದೆ, ಅಲ್ಲಲ್ಲಿ ಕಪ್ಪಗೆ ಹೊಳೆಯುತ್ತದೆ, ಸುಟ್ಟ ವಾಸನೆ ಇನ್ನೂ ಉಳಿದಿರುತ್ತದೆ. ಏರು ರಸ್ತೆಯಲ್ಲಿ ಬ್ರೇಕ್ ಹಿಡಿಯದೆ ಅರ್ಧ ಕ್ಲಚ್‌ನಲ್ಲಿ ಗಾಡಿ ನಿಲ್ಲಿಸಿಕೊಳ್ಳುವವರು ಮಾಡುವ ಹಾನಿ ಇದೇ. ಎಂಜಿನ್‌ನ ಶಕ್ತಿಯೆಲ್ಲ ಆಗ ಆ ತೆಳು ಪ್ಲೇಟ್‌ನಲ್ಲಿ ಶಾಖವಾಗಿ ಇಳಿಯುತ್ತದೆ. ಇದನ್ನು ನೋಡಿದ ಮೇಲೆ ಪೆಡಲ್ ಮೇಲೆ ಕಾಲಿಟ್ಟುಕೊಂಡು ಓಡಿಸಲು ನನಗೆ ಮನಸ್ಸೇ ಬರುವುದಿಲ್ಲ.

ಗೇರ್‌ಬಾಕ್ಸ್: ವೇಗ ಕೊಟ್ಟು ಬಲ ಪಡೆ

ಕ್ಲಚ್ ಗಾಡಿಯನ್ನು ಹೊರಡಿಸಿತು. ಆದರೆ 100 ನ್ಯೂಟನ್ ಮೀಟರ್ ನೇರವಾಗಿ ಚಕ್ರಕ್ಕೆ ಹೋದರೆ ಏರು ಹತ್ತಲಾಗದು. ಲೆಕ್ಕ ಹಾಕೋಣ.

ಮೊದಲ ಗೇರ್ ವೇಗವನ್ನು 3.5 ಪಟ್ಟು ಇಳಿಸಿ ಟಾರ್ಕ್ ಅನ್ನು ಅಷ್ಟೇ ಪಟ್ಟು ಏರಿಸುತ್ತದೆ, ಗೇರ್‌ಬಾಕ್ಸ್ ಆದ ಮೇಲೆ ಚಕ್ರಕ್ಕೆ ಮುಂಚೆ ಬರುವ ಗೇರ್ ಜೋಡಿ, ಅಂದರೆ ಕೊನೆಯ ಡ್ರೈವ್, ಇನ್ನೂ 4 ಪಟ್ಟು ಎಂದಿಟ್ಟುಕೊಳ್ಳಿ. ಒಟ್ಟು 14 ಪಟ್ಟು. ಚಕ್ರಕ್ಕೆ ಸಿಗುವುದು 1400 ನ್ಯೂಟನ್ ಮೀಟರ್. ಉಜ್ಜುವಿಕೆಯ ನಷ್ಟ ಸದ್ಯಕ್ಕೆ ಬಿಡೋಣ. ಚಕ್ರದ ತ್ರಿಜ್ಯ 0.3 ಮೀಟರ್ ಆದರೆ ರಸ್ತೆಯನ್ನು ಹಿಂದಕ್ಕೆ ತಳ್ಳುವ ಬಲ ಸುಮಾರು 4667 ನ್ಯೂಟನ್. ಆಗ ಗಾಡಿಯ ವೇಗ ಎಷ್ಟು? 3000ವನ್ನು 14ರಿಂದ ಭಾಗಿಸಿದರೆ ಚಕ್ರ ನಿಮಿಷಕ್ಕೆ 214 ಸುತ್ತು, ಅಂದರೆ ಗಂಟೆಗೆ ಸುಮಾರು 24 ಕಿಲೋಮೀಟರ್.

ಐದನೇ ಗೇರ್ 0.8 ಇದ್ದರೆ ಒಟ್ಟು 3.2 ಪಟ್ಟು. ಅದೇ 3000 ಆರ್‌ಪಿಎಂಗೆ ವೇಗ ಗಂಟೆಗೆ 106 ಕಿಲೋಮೀಟರ್, ಆದರೆ ತಳ್ಳುವ ಬಲ ಬರೀ 1067 ನ್ಯೂಟನ್.

ಈಗ 1000 ಕಿಲೋ ತೂಕದ ಗಾಡಿ, ಐದು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಏರುವ ರಸ್ತೆ. ಹತ್ತಲು ಬೇಕಾದ ಬಲ ಸುಮಾರು 1900 ನ್ಯೂಟನ್. ಐದನೇ ಗೇರ್‌ನಲ್ಲಿ ಆಗದು, ಮೊದಲನೆಯದರಲ್ಲಿ ಆರಾಮಾಗಿ ಆಗುತ್ತದೆ. ಎರಡೂ ಗೇರ್‌ಗಳಲ್ಲಿ ಪವರ್ ಮಾತ್ರ ಅದೇ 31.4 ಕಿಲೋವ್ಯಾಟ್! ಗೇರ್‌ಬಾಕ್ಸ್ ಶಕ್ತಿ ಹುಟ್ಟಿಸುವುದಿಲ್ಲ, ವೇಗ ಕೊಟ್ಟು ಬಲ ತರುತ್ತದೆ. ಈ ಲೆಕ್ಕವನ್ನು ಒಂದು ಸಲ ನೀವೇ ಕೈಯಿಂದ ಮಾಡಿ, ಓದಿದರೆ ಸಾಲದು.

ಡಿಫರೆನ್ಷಿಯಲ್: ತಿರುವಿನ ಸಮಸ್ಯೆ

ಗಾಡಿ ತಿರುಗುವಾಗ ಹೊರಗಿನ ಚಕ್ರ ಜಾಸ್ತಿ ದೂರ ಹೋಗಬೇಕು. ಎಡ-ಬಲ ಚಕ್ರಗಳ ನಡುವೆ 1.5 ಮೀಟರ್ ಇದ್ದರೆ ಒಂದು ಪೂರ್ತಿ ಸುತ್ತಿಗೆ ವ್ಯತ್ಯಾಸ 9.4 ಮೀಟರ್. ಸುತ್ತು ಚಿಕ್ಕದೋ ದೊಡ್ಡದೋ, ವ್ಯತ್ಯಾಸ ಅಷ್ಟೇ. ಎರಡೂ ಚಕ್ರಗಳನ್ನು ಒಂದೇ ಗಟ್ಟಿ ಸರಳಿಗೆ ಕಟ್ಟಿದ್ದರೆ ಯಾವುದಾದರೂ ಒಂದು ಟೈರ್ ರಸ್ತೆಗೆ ಉಜ್ಜಿಕೊಂಡೇ ಹೋಗಬೇಕಿತ್ತು.

ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ 1827ರಲ್ಲೇ ಇದಕ್ಕೆ ಪರಿಹಾರ ಕೊಟ್ಟರು. ಆಗಿನ್ನೂ ಹಬೆ ಗಾಡಿಗಳ ಕಾಲ. ಕೊನೆಯ ಡ್ರೈವ್‌ನ ದೊಡ್ಡ ಹಲ್ಲುಚಕ್ರವಾದ ಕ್ರೌನ್ ವೀಲ್ ಜೊತೆ ತಿರುಗುವ ಕವಚದಲ್ಲಿ ಪಿನಿಯನ್ ಎಂಬ ಚಿಕ್ಕ ಗೇರ್‌ಗಳು, ಅವುಗಳ ಎರಡೂ ಬದಿಗೆ ಆಕ್ಸಲ್‌ಗಳ ಗೇರ್‌ಗಳು. ನೇರ ಹೋಗುವಾಗ ಪಿನಿಯನ್ ತನ್ನ ಸುತ್ತ ತಿರುಗುವುದಿಲ್ಲ, ಎರಡೂ ಬದಿಯನ್ನು ಸಮನಾಗಿ ಎಳೆದುಕೊಂಡು ಹೋಗುತ್ತದೆ. ತಿರುವಿನಲ್ಲಿ ಒಂದು ಬದಿ ನಿಧಾನವಾದಷ್ಟು ಇನ್ನೊಂದು ಬದಿ ವೇಗವಾಗುತ್ತದೆ.

ನೋಡಿದರೆ ಮಾತ್ರ ನಂಬಿಕೆ ಬರುವ ವಿಷಯ ಇದು. ಎಂಜಿನ್ ಆಫ್ ಮಾಡಿ, ಎಂಜಿನ್‌ಗೆ ಜೋಡಿಸಿದ ಎರಡೂ ಚಕ್ರ ನೆಲ ಬಿಟ್ಟಿರುವಂತೆ ಗಾಡಿಯನ್ನು ಭದ್ರವಾದ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಜಾಕ್ ಒಂದನ್ನೇ ನಂಬಬೇಡಿ. ಗೇರ್ ಹಾಕಿಟ್ಟು ಒಂದು ಚಕ್ರವನ್ನು ಕೈಯಿಂದ ಮುಂದಕ್ಕೆ ತಿರುಗಿಸಿ. ಆಚೆ ಬದಿಯ ಚಕ್ರ ಅಷ್ಟೇ ಸುತ್ತು ಹಿಂದಕ್ಕೆ ತಿರುಗುತ್ತದೆ. ಕ್ರೌನ್ ವೀಲ್ ನಿಂತಿದೆ, ಎರಡು ಚಕ್ರಗಳ ಸರಾಸರಿ ಸೊನ್ನೆಯೇ ಆಗಬೇಕು. ಸೂತ್ರ ಕಣ್ಣೆದುರು ತಿರುಗಿದಂತೆ ಅಲ್ವಾ!

ಇದಕ್ಕೂ ಒಂದು ಕೊರತೆ ಇದೆ. ಸಾದಾ ಡಿಫರೆನ್ಷಿಯಲ್ ಎರಡೂ ಬದಿಗೆ ಹೆಚ್ಚುಕಮ್ಮಿ ಸಮ ಟಾರ್ಕ್ ಕೊಡುತ್ತದೆ. ಒಂದು ಚಕ್ರ ಕೆಸರಿನಲ್ಲಿ ಸಿಕ್ಕಿ 200 ನ್ಯೂಟನ್ ಬಲವನ್ನಷ್ಟೇ ತಾಳಿದರೆ, ಒಣ ನೆಲದ ಮೇಲಿರುವ ಚಕ್ರಕ್ಕೂ ಅಷ್ಟೇ ಸಿಗುತ್ತದೆ. ಕೆಸರಿನ ಚಕ್ರ ಗಿರ್ರನೆ ತಿರುಗುತ್ತದೆ, ಗಾಡಿ ಕದಲುವುದಿಲ್ಲ. ಇಂಥ ಜಾಗಕ್ಕೆಂದೇ ಡಿಫರೆನ್ಷಿಯಲ್ ಲಾಕ್ ಬಂದದ್ದು.

ತಂಪು, ಎಣ್ಣೆ, ಸಸ್ಪೆನ್ಷನ್: ಬೇಗ ಮುಗಿಸೋಣ

ಪೆಟ್ರೋಲ್‌ನ ಶಕ್ತಿಯಲ್ಲಿ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಉಳಿದದ್ದು ಹೊಗೆಯ ಜೊತೆಗೂ ರೇಡಿಯೇಟರ್ ಮೂಲಕವೂ ಶಾಖವಾಗಿ ಹೋಗುತ್ತದೆ. ಎಂಜಿನ್ ತೀರಾ ತಣ್ಣಗಿದ್ದರೂ ಚೆನ್ನಲ್ಲ. ಹಾಗಾಗಿ ಥರ್ಮೋಸ್ಟ್ಯಾಟ್ ಸುಮಾರು 85-90 ಡಿಗ್ರಿ ಬರುವವರೆಗೆ ರೇಡಿಯೇಟರ್ ದಾರಿಯನ್ನು ಮುಚ್ಚಿಡುತ್ತದೆ. ಎಣ್ಣೆ ಬೇರಿಂಗ್ ಮತ್ತು ಶಾಫ್ಟ್ ನಡುವೆ ತೆಳು ಪದರವಾಗಿ ನಿಂತು ಲೋಹಕ್ಕೆ ಲೋಹ ತಾಗದಂತೆ ನೋಡಿಕೊಳ್ಳುತ್ತದೆ. ಸ್ಪ್ರಿಂಗ್ ಗುಂಡಿಯ ಹೊಡೆತ ನುಂಗುತ್ತದೆ, ಆದರೆ ನುಂಗಿದ್ದನ್ನು ಮತ್ತೆ ಉಗುಳುತ್ತದೆ. ಆ ಕುಣಿತ ನಿಲ್ಲಿಸುವುದು ಶಾಕ್ ಅಬ್ಸಾರ್ಬರ್‌ನ ಕೆಲಸ.

ಬ್ರೇಕ್ ಮತ್ತು ಟೈರ್: ಕೊನೆಯ ಮಾತು ಇವುಗಳದ್ದೇ

ಬ್ರೇಕ್ ವೇಗವನ್ನು ಮಾಯ ಮಾಡುವುದಿಲ್ಲ, ಶಾಖವಾಗಿ ಬದಲಿಸುತ್ತದೆ. ನಮ್ಮ 1000 ಕಿಲೋ ಗಾಡಿ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿದ್ದರೆ ಅದರಲ್ಲಿ 50 ಕಿಲೋಜೂಲ್ ಶಕ್ತಿ ಇರುತ್ತದೆ. ವೇಗ 72 ಆದರೆ 100 ಅಲ್ಲ, 200. ವೇಗ ಎರಡು ಪಟ್ಟು, ಶಕ್ತಿ ನಾಲ್ಕು ಪಟ್ಟು. ಪ್ರತಿ ಸೆಕೆಂಡಿಗೆ ವೇಗ ಸೆಕೆಂಡಿಗೆ 7 ಮೀಟರ್‌ನಂತೆ ಇಳಿದರೆ ನಿಲ್ಲಲು ಮೊದಲನೆಯದಕ್ಕೆ ಸುಮಾರು 7 ಮೀಟರ್ ಸಾಕು, ಎರಡನೆಯದಕ್ಕೆ 28 ಮೀಟರ್‌ಗೂ ಜಾಸ್ತಿ ಬೇಕು. ಕಾಲು ಬ್ರೇಕ್ ಮೇಲೆ ಹೋಗಲು ಒಂದು ಸೆಕೆಂಡ್ ಹಿಡಿದರೆ ಇನ್ನೂ 10 ಮೀಟರ್ ಮತ್ತು 20 ಮೀಟರ್ ಸೇರಿಸಿ. ಓಡಿಸುವ ಪ್ರತಿಯೊಬ್ಬರ ತಲೆಯಲ್ಲೂ ಈ ಅಂಕಿ ಇರಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಉದ್ದ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಆ ಶಾಖ, ಪೆಡಲ್‌ನ ಒತ್ತಡವನ್ನು ಚಕ್ರದ ಬ್ರೇಕ್‌ಗೆ ಮುಟ್ಟಿಸುವ ದ್ರವಕ್ಕೂ ಹರಿಯುತ್ತದೆ. ಬ್ರೇಕ್ ದ್ರವ ಗಾಳಿಯ ತೇವ ಹೀರುತ್ತದೆ, ಹಳೆಯದಾದಷ್ಟೂ ಕಡಿಮೆ ಬಿಸಿಗೇ ಕುದಿಯುತ್ತದೆ. ದ್ರವ ಒತ್ತಡವನ್ನು ಹಾಗೇ ದಾಟಿಸುತ್ತದೆ, ಆದರೆ ಹಬೆಯ ಗುಳ್ಳೆ ಒತ್ತಿದರೆ ಕುಗ್ಗುತ್ತದೆ. ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಅದಕ್ಕೇ ಕೆಳ ಗೇರ್‌ನಲ್ಲಿ ಇಳಿಯಿರಿ ಎನ್ನುವುದು, ದ್ರವವನ್ನು ಹೊತ್ತಿಗೆ ಸರಿಯಾಗಿ ಬದಲಿಸಿ ಎನ್ನುವುದು.

ಇನ್ನು ಟೈರ್. ಒಂದೊಂದು ಟೈರ್ ನೆಲ ಮುಟ್ಟುವ ಜಾಗ ಹೆಚ್ಚುಕಮ್ಮಿ ಅಂಗೈಯಷ್ಟು. ಎಂಜಿನ್ ತಿರುಗಿಸುವ ಮುಂದಿನ ಎರಡು ಚಕ್ರಗಳ ಮೇಲೆ 5000 ನ್ಯೂಟನ್ ಭಾರ ಇದ್ದು, ಒದ್ದೆ ರಸ್ತೆಯ ಹಿಡಿತ ಆ ಭಾರದ 0.4 ಪಾಲು ಆದರೆ, ಅವು ತಳ್ಳಬಲ್ಲದ್ದು 2000 ನ್ಯೂಟನ್ ಮಾತ್ರ. ಮೊದಲ ಗೇರ್ 4667 ಕೊಟ್ಟರೂ ಉಳಿದದ್ದು ಚಕ್ರ ಜಾರಿಸಲಷ್ಟೇ ಖರ್ಚಾಗುತ್ತದೆ. ಬ್ರೇಕ್‌ಗೂ ಇದೇ ಮಿತಿ. ಚಕ್ರ ಲಾಕ್ ಆಗಿ ಜಾರತೊಡಗಿದರೆ ಸ್ಟೀರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. 1978ರಲ್ಲಿ ಬಾಷ್ ಕಂಪನಿ ಕಾರುಗಳಿಗೆ ತಂದ ಎಲೆಕ್ಟ್ರಾನಿಕ್ ಎಬಿಎಸ್ ಪ್ರತಿ ಚಕ್ರದ ವೇಗ ನೋಡುತ್ತಾ, ಲಾಕ್ ಆಗುವ ಹೊತ್ತಿಗೆ ಒತ್ತಡ ಬಿಟ್ಟು ಮತ್ತೆ ಹಿಡಿಯುತ್ತದೆ. ಎಬಿಎಸ್ ಇರುವ ಗಾಡಿಯಲ್ಲಿ ತುರ್ತು ಬ್ರೇಕ್ ಹಾಕಿದಾಗ ಪೆಡಲ್ ಕಾಲಿಗೆ ಟಕಟಕ ಬಡಿಯುವುದು ಇದರಿಂದಲೇ. ಹೆದರಿ ಕಾಲು ತೆಗೆಯಬೇಡಿ.

ಮೋಟಾರ್ ಬಂದರೆ ಏನು ಹೋಗುತ್ತದೆ?

ಮೊದಲಿನ ಪ್ರಶ್ನೆಯನ್ನು ಎಲೆಕ್ಟ್ರಿಕ್ ಗಾಡಿಗೆ ಕೇಳಿ ನೋಡಿ. ಮೋಟಾರ್ ನಿಂತಲ್ಲಿಂದಲೇ ಪೂರ್ತಿ ಟಾರ್ಕ್ ಕೊಡುತ್ತದೆ, ಆದ್ದರಿಂದ ಕ್ಲಚ್ ಬೇಡ. ತುಂಬಾ ವೇಗದವರೆಗೂ ತಿರುಗುತ್ತದೆ, ಆದ್ದರಿಂದ ಹೆಚ್ಚಿನ ಕಾರುಗಳಿಗೆ ಒಂದೇ ಗೇರ್ ಸಾಕು. ಆದರೆ ಎರಡು ಚಕ್ರಗಳಿಗೆ ಒಂದೇ ಮೋಟಾರ್ ಇದ್ದರೆ ಡಿಫರೆನ್ಷಿಯಲ್ ಬೇಕೇ ಬೇಕು. ತಿರುವಿನ ಕಷ್ಟ ಎಂಜಿನ್‌ನದ್ದಲ್ಲ, ರಸ್ತೆಯದ್ದು.

ಒಂದು ಲೆಕ್ಕ ನಿಮಗೆ ಬಿಟ್ಟಿದ್ದೇನೆ. ಒಂದೇ ಗೇರ್, 9 ಪಟ್ಟು, ಚಕ್ರದ ತ್ರಿಜ್ಯ ಅದೇ 0.3 ಮೀಟರ್. ಗಂಟೆಗೆ 108 ಕಿಲೋಮೀಟರ್ ವೇಗದಲ್ಲಿ ಮೋಟಾರ್ ಎಷ್ಟು ಆರ್‌ಪಿಎಂನಲ್ಲಿ ತಿರುಗುತ್ತಿರುತ್ತದೆ? ಉತ್ತರ 8600ರ ಹತ್ತಿರ ಬಂದರೆ ನಿಮ್ಮ ದಾರಿ ಸರಿ.